ಬಣ್ಣ ಹಾಕದ ಮೊಗ್ಗು

ಮೈಲಾಪೂರ್, ಚೆನ್ನೈ
ಗುರುವಾರ, 6 ಫೆಬ್ರವರಿ 2025

ಚಿ. ಸೌ. ಮಾಧವಿಗೆ, ನಿನ್ನ ತಂದೆಯಾದ ತಿರುಮಲೇಶನು ಮಾಡುವ ಆಶೀರ್ವಾದಗಳು.

ಅದಾಗಿ, ಈ ಪತ್ರಮುಖೇನ ನಿನ್ನ ಗಮನಕ್ಕೆ ತರುವುದೇನೆಂದರೆ, ನಾನೂ ನಿನ್ನ ತಾಯಿಯೂ ನಮ್ಮಲ್ಲಿದ್ದು ಓದುತ್ತಿರುವ ನಿನ್ನ ಮಗಳು ಚಿ. ಪ್ರಣಮ್ಯಾಳೂ ದೇವರ ದಯದಿಂದ ಕುಶಲ. ನೀನು ದೂರವಾಣಿಯಲ್ಲಿ ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ನನ್ನಿಂದ ಮೂವತ್ತೊಂಬತ್ತು ದಿನಗಳ ವಿಳಂಬವಾಗಿದೆ. ವಿಳಂಬದ ಕಾರಣಗಳನ್ನು ಮುಂದೆ ವಿವರಿಸಲಾಗಿದೆ. ಅವುಗಳಲ್ಲಿ ಕೆಲವು ನಿಜ.

ಇಷ್ಟು ಬರೆಯುವಷ್ಟರಲ್ಲಿ ನಿನ್ನ ತಾಯಿ ಕಾಫಿ ತಂದಿಟ್ಟು, ಕನ್ನಡಕ ಏರಿಸಿ ನನ್ನ ಹೆಗಲ ಮೇಲಿನಿಂದ ಓದಿದಳು. "ಅಕ್ಕೂಗೆ ಕಾಗದ ಬರೀತಿದೀರೋ, ಕಲೆಕ್ಟರಿಗೆ ಅರ್ಜಿ ಹಾಕ್ತಿದೀರೋ?" ಎಂದಳು. "ಹೆತ್ತ ಮಗಳನ್ನ ಅಕ್ಕು ಅಂತ ಕರೆಯೋಕೂ ಮೇಲಿನವರ ಮಂಜೂರಾತಿ ಬೇಕೇನೋ!"

ಈ ಬರವಣಿಗೆ ನನಗೆ ಹೇಗೆ ಅಂಟಿತೆಂಬುದು ನಿನಗೆ ತಿಳಿದದ್ದೇ. ನಿನ್ನ ಅಜ್ಜ ಪ್ಯಾರೀಸ್ ಕಾರ್ನರಿನ ಒಂದು ಜಗಲಿಯಲ್ಲಿ ಕೂತು ಕನ್ನಡದಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ಆಗ ಮಂಗಳೂರು, ಕುಂದಾಪುರ, ಕೊಳ್ಳೇಗಾಲದವರಿಗೆಲ್ಲ ಮದ್ರಾಸೇ ರಾಜಧಾನಿ. ಜಮೀನಿನ ತಕರಾರು ಹೊತ್ತು ಬಂದವರು ಮೊದಲು ಹುಡುಕುತ್ತಿದ್ದುದು ತಮ್ಮ ಭಾಷೆ ಬಲ್ಲ ಒಬ್ಬನನ್ನು. ಅಜ್ಜ ಹೇಳುತ್ತಿದ್ದರು, ನಾನು ಶುದ್ಧಪ್ರತಿ ಎತ್ತುತ್ತಿದ್ದೆ. ಎಂಟನೆಯ ವಯಸ್ಸಿಗೇ "ಮಹಾಸ್ವಾಮಿಯವರ ಕೃಪಾಕಟಾಕ್ಷಕ್ಕೆ ಪಾತ್ರನಾಗಬೇಕೆಂದು" ಎಂಬುದನ್ನು ತಪ್ಪಿಲ್ಲದೆ ಬರೆಯಬಲ್ಲವನಾಗಿದ್ದೆ. ಐವತ್ತಾರರಲ್ಲಿ ಆ ಊರುಗಳೆಲ್ಲ ಮೈಸೂರಿಗೆ ಸೇರಿದವು, ಜಗಲಿಗೆ ಬರುವವರು ನಿಂತರು. ಅಜ್ಜ ಲೇಖನಿ ಕೆಳಗಿಟ್ಟರು. ನಾನು ಮಾತ್ರ ಆ ಭಾಷೆಯನ್ನು ಕೆಳಗಿಡಲಿಲ್ಲ. ಅದರಲ್ಲಿ ನನಗೊಂದು ಹೆಮ್ಮೆಯಿದೆ, ಅದನ್ನು ಮುಚ್ಚಿಡುವುದಿಲ್ಲ. ದೂರವಾಣಿಯಲ್ಲಿ ಆಡುವ ಮಾತಿಗೆ ಕರಡು ಪ್ರತಿ ಇರುವುದಿಲ್ಲ. ಆದ್ದರಿಂದಲೇ ಈ ಕಾಗದ.

ಅಜ್ಜ ಕಲಿಸಿದ ಇನ್ನೊಂದು ಪಾಠವನ್ನು ನಿನಗೆ ಹೇಳಿರಲಿಲ್ಲ. "ತಿರುಮಲೂ, ಮುಖ್ಯ ಸಂಗತಿಯನ್ನ ಮೊದಲನೇ ಪುಟದಲ್ಲೇ ಬರಿ. ಕೊನೇ ಸಾಲಿಗೆ ತಳ್ಳುವವನು ಒಂದೋ ದಡ್ಡ, ಇಲ್ಲಾ ತಪ್ಪು ಮಾಡಿದವನು" ಎನ್ನುತ್ತಿದ್ದರು. ಈ ಪಾಠವನ್ನು ನೆನಪಿನಲ್ಲಿಟ್ಟುಕೊಂಡೇ ಮುಂದುವರಿಯುತ್ತೇನೆ.

ನೀನು ಕೇಳಿದ್ದು ಇದು. ಮಾರ್ಚಿನಲ್ಲಿ ಆಳ್ವಾರ್‌ಪೇಟೆಯ ಸಭಾಂಗಣದಲ್ಲಿ ನಿನ್ನ ಪ್ರದರ್ಶನ. ಪುದುಚೇರಿಯ ನಿನ್ನ ಆವಿಗೆಯಲ್ಲಿ ಸುಟ್ಟ ಮಣ್ಣಿನ ಕೆಲಸಗಳ ಜೊತೆಗೆ ನನ್ನ ಗಾಜಿನ ಹೂವು, ಎಲೆ, ಬೀಜಗಳನ್ನೂ ಇಡಬೇಕು. "ಅಪ್ಪಾ, ಒಂದು ಮೇಜಿನ ಮೇಲೆ ನಿಮ್ಮದು, ಪಕ್ಕದಲ್ಲಿ ನಂದು. ಆದ್ರೆ ಒಂದು ಕಂಡೀಷನ್. ಗಾಜು ನಾನು ಮುಟ್ಟೋದಿಲ್ಲ. ನೀವೇ ಬಂದು ಜೋಡಿಸಬೇಕು. ಆಗಲ್ಲ ಅಂದ್ರೆ ಗಾಜೇ ಬೇಡ, ಬಿಟ್ಟುಬಿಡೋಣ" ಎಂದೆ. ನಾನು "ಯೋಚಿಸಿ ತಿಳಿಸುತ್ತೇನೆ" ಎಂದು ಫೋನನ್ನು ನಿನ್ನ ತಾಯಿಯ ಕೈಗೆ ಕೊಟ್ಟೆ.

ವಿಳಂಬಕ್ಕೆ ಒಂದನೆಯ ಕಾರಣ, ನನ್ನ ಕೈ. ಕಳೆದ ದೀಪಾವಳಿಯಿಂದ ಬಲಗೈ ನಡುಗುತ್ತದೆ. ಸಹಿ ಮಾಡಲು ತೊಂದರೆಯಿಲ್ಲ. ಆದರೆ ಕೂದಲೆಳೆಯಷ್ಟು ತೆಳುವಾದ ಕೇಸರಗಳುಳ್ಳ ಹೂವನ್ನು ಪೆಟ್ಟಿಗೆಯಿಂದೆತ್ತಿ ಪೀಠದ ಮೇಲಿಡುವುದು ಇನ್ನು ನನ್ನಿಂದಾಗದು. ಅಂಬತ್ತೂರಿನ ಕಾರ್ಖಾನೆಯಲ್ಲಿ ಹತ್ತು ವರ್ಷ, ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೇಳು ವರ್ಷ, ಜ್ವಾಲೆಯ ಮುಂದೆ ಕೂತು ಸುರುಳಿ ಕೊಳವೆ, ಫ್ಲಾಸ್ಕುಗಳನ್ನು ಊದಿದ ಕೈ ಇದು. ಈಗ ಸಾರಿನ ಬಟ್ಟಲು ಹಿಡಿದರೆ ನಿನ್ನ ತಾಯಿ ಕೆಳಗೆ ತಟ್ಟೆ ಹಿಡಿಯುತ್ತಾಳೆ. ಇದನ್ನು ನಿನಗೆ ಹೇಳಬಾರದೆಂದು ಅವಳಿಗೆ ತಾಕೀತು ಮಾಡಿದ್ದೆ. ಈಗ ನಾನೇ ಹೇಳಿದ್ದಾಯಿತು.

ನಿನ್ನ ಹೊಸ ಕೆಲಸದ ಚಿತ್ರಗಳನ್ನು ಪ್ರಣಮ್ಯಾ ತೋರಿಸಿದಳು. ಕಡಲು ಹಿಂದೆ ಸರಿದಾಗ ಪುಟ್ಟ ಏಡಿಗಳು ಬಿಲದ ಸುತ್ತ ಮರಳಿನ ಉಂಡೆಗಳನ್ನು ಉರುಳಿಸಿಟ್ಟು ಹೋಗುವ ಆ ವಿನ್ಯಾಸವನ್ನು ನೀನು ಸಾವಿರಾರು ಮಣ್ಣಿನ ಮಣಿಗಳಿಂದ ಮಾಡಿದ್ದೀಯೆ. ಒಂದು ಮಣಿಯಂತೆ ಇನ್ನೊಂದಿಲ್ಲ. ಮೆರುಗು ಹಚ್ಚದೆ ಬಿಟ್ಟದ್ದು ಸರಿಯಾಯಿತು. ಇನ್ನೊಂದು ಚಿತ್ರದಲ್ಲಿದ್ದ ಕಣಜದ ಹುಳುವಿನ ಗೂಡಿನ ಬಾಯಿ ಮಾತ್ರ ತುಸು ದಪ್ಪವಾಯಿತೆಂದು ನನ್ನ ಅಭಿಪ್ರಾಯ. ಕಣಜ ಅಷ್ಟು ಮಣ್ಣು ದಂಡ ಮಾಡುವುದಿಲ್ಲ. ಇದನ್ನು ಹೇಳಿದ್ದಕ್ಕೆ ಪ್ರಣಮ್ಯಾ, "ತಾತಾ, ನೀಂಗೊ ಒರು ತಡವೆಯಾವದು ಸುಮ್ಮಾ ಚೆನ್ನಾಗಿದೆ ಅಂತ ಹೇಳಿ, ಪ್ಲೀಸ್!" ಎಂದು ಕೈ ಮುಗಿದಳು. ಆದ್ದರಿಂದ ಒಂದು ಸಲವಾದರೂ ಹೇಳುತ್ತೇನೆ: ಚೆನ್ನಾಗಿದೆ.

ಆ ಏಡಿಯ ಉಂಡೆಗಳನ್ನು ನೋಡುತ್ತ ನನಗೆ ನೆನಪಾದದ್ದು ನಿನ್ನ ಒಂಬತ್ತನೆಯ ವಯಸ್ಸು. ಕಾಲೇಜಿನ ಗಾಜು ಊದುವ ಕೋಣೆಯಲ್ಲಿ ನೀನು ಮರದ ಪೆಟ್ಟಿಗೆಯ ಮೇಲೆ ನಿಂತು, ನನ್ನ ಹಳೆಯ ನೀಲಿ ಕನ್ನಡಕವನ್ನು ದಾರದಿಂದ ತಲೆಗೆ ಬಿಗಿದುಕೊಂಡು, ಗಾಜಿನ ಕಡ್ಡಿಯ ತುದಿಯನ್ನು ಜ್ವಾಲೆಗೆ ಒಡ್ಡಿದ್ದೆ. ತುದಿ ಕರಗಿ ಉಂಡೆಯಾಯಿತು. "ಅಪ್ಪಾ, ಅವರೆಕಾಳು!" ಎಂದು ಕೂಗಿದೆ. ಅದು ನಿಜವಾಗಿಯೂ ಅವರೆಕಾಳಿನಂತೆಯೇ ಇತ್ತು, ಮೂಗು ಸಹಿತ. ಅನಂತರ ಕಾಳುಗಳು, ಬೇವಿನ ಹಣ್ಣುಗಳು, ಮಳೆಗಾಲಕ್ಕೆ ಮುಂಚೆ ಮರೀನಾದ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆಗಳ ರೆಕ್ಕೆಗಳು. ಹದಿನಾಲ್ಕು ತುಂಬುವ ಹೊತ್ತಿಗೆ ನೀನು ಎಳೆಯುತ್ತಿದ್ದ ದಳದಲ್ಲಿ ನನ್ನದರಲ್ಲಿಲ್ಲದ ಒಂದು ಬಳುಕಿತ್ತು. ನಾನು ಗಾಜನ್ನು ಎಳೆಯುತ್ತಿದ್ದೆ. ನೀನು ಅದು ತಾನೇ ಬಾಗುವವರೆಗೆ ಕಾಯುತ್ತಿದ್ದೆ. ಈ ಮಾತನ್ನು ನಾನು ನಿನಗೆ ಆಗ ಹೇಳಲಿಲ್ಲ. ತಂದೆ ಮಕ್ಕಳನ್ನು ಎದುರಿಗೆ ಹೊಗಳಿದರೆ ಆಯುಸ್ಸು ಕಡಿಮೆಯೆಂದು ನಂಬಿದ್ದ ಕಾಲ.

ಆಮೇಲೆ ನಾಗಲಿಂಗ. ನಮ್ಮ ಬೀದಿಯ ಕೊನೆಯ ಕಾಂಪೌಂಡಿನಲ್ಲಿ ಆ ಮರ ಈಗಲೂ ಇದೆ. ನಾವಿಬ್ಬರೂ ಬೆಳಿಗ್ಗೆ ಐದೂವರೆಗೆ ಹೋಗಿ, ಬುಡದಲ್ಲಿ ಬಿದ್ದ ಹೂವುಗಳಲ್ಲಿ ಕಂದದ್ದನ್ನು ಆರಿಸಿ ತರುತ್ತಿದ್ದೆವು. ಕಾವಲುಗಾರ "ಸಾಮಿಕ್ಕಾ?" ಎಂದು ಕೇಳಿದರೆ ನೀನು "ಇಲ್ಲೇ, ಪಾಠತ್ತುಕ್ಕು" ಎನ್ನುತ್ತಿದ್ದೆ. ದೇವರಿಗಲ್ಲ, ಪಾಠಕ್ಕೆ! ಮನೆಗೆ ತಂದು ಹೆಡೆಯನ್ನು ಬಿಡಿಸಿ ಒಳಗಿನ ಕೇಸರಗಳನ್ನು ಎಣಿಸುತ್ತಿದ್ದೆವು. ನಾನೂರು ದಾಟಿದ ಮೇಲೆ ನೀನು ಪ್ರತಿಸಲವೂ ಲೆಕ್ಕ ತಪ್ಪುತ್ತಿದ್ದೆ, ನಾನು ತಪ್ಪದವನಂತೆ ನಟಿಸುತ್ತಿದ್ದೆ. ಮನೆಯೆಲ್ಲ ಆ ಮತ್ತೇರಿಸುವ ವಾಸನೆ. ಮಡಿಯಲ್ಲಿದ್ದ ನಿನ್ನ ತಾಯಿ ಅಡುಗೆಮನೆಯಿಂದ, "ಶಿವನ ಹೂವನ್ನ ಕೊಯ್ದು ಕೊಯ್ದು ನೋಡ್ತಾರಂತೆ ಅಪ್ಪ ಮಗಳು, ಪಾಪ ಸುತ್ತಿಕೊಳ್ಳತ್ತೆ" ಎಂದು ಗೊಣಗುತ್ತಿದ್ದಳು.

ಸಸ್ಯಶಾಸ್ತ್ರ ವಿಭಾಗದ ವಜ್ರಮಹೋತ್ಸವಕ್ಕೆಂದು ಆ ಹೂವನ್ನು ನಾವು ಗಾಜಿನಲ್ಲಿ ಮಾಡಿದೆವು. ಎಂಟು ತಿಂಗಳ ಕೆಲಸ. ಬಣ್ಣವಿಲ್ಲದ ಗಾಜು ಮಾತ್ರ. "ಬಣ್ಣ ಹಾಕುವುದೆಂದರೆ ಕೈ ಸೋತಿತು ಎಂದು ಒಪ್ಪಿಕೊಂಡಂತೆ" ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಆರು ದಳಗಳಲ್ಲಿ ನಾಲ್ಕು ನೀನು ಬಾಗಿಸಿದ್ದು. ಹೆಡೆ, ಕೇಸರ, ತೊಟ್ಟು, ಪಕ್ಕಕ್ಕೊಂದು ಬಿಡಿ ಮೊಗ್ಗು ನನ್ನವು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರೊಂದೇ ಅಚ್ಚಾಗಿತ್ತು.

ಮುಂದಿನದನ್ನು ನೀನು ಮರೆತಿರಲಾರೆ. ನಾನೂ ಮರೆತಿಲ್ಲ. 1994ರ ಡಿಸೆಂಬರ್, ಗುರುವಾರ ಸಂಜೆ ನಾಲ್ಕು ಗಂಟೆ. ಹದಿನಾರು ವರ್ಷದ ನೀನು ಹಸಿರು ಲಂಗ ದಾವಣಿಯಲ್ಲಿ, ಮುನ್ನೂರು ಜನರ ಮುಂದೆ, ಹೂವನ್ನು ತಟ್ಟೆಯಿಂದೆತ್ತಿ ಪೀಠದ ಮೇಲಿಡಬೇಕಿತ್ತು. ಎತ್ತಿದೆ. ಬೆರಳು ಚಿಟಿಕೆ ಹೊಡೆದಷ್ಟೇ ಸದ್ದು. ಹೂವು ತೊಟ್ಟಿನಿಂದ ಕಳಚಿ ವೇದಿಕೆಯ ಮೇಲೆ ಬಿತ್ತು. ಪ್ರಾಂಶುಪಾಲರು "ಪರವಾಯಿಲ್ಲೆ, ಕೊಳಂದೆದಾನೇ" ಎಂದರು, ಮಗು ತಾನೇ ಎಂದು. ನನ್ನ ಮುಂದೆ ಮೈಕಿತ್ತು. ನಾನು ತಮಿಳಿನಲ್ಲಿ, ಇಡೀ ಸಭೆಗೆ ಅರ್ಥವಾಗಲೆಂದು ತಮಿಳಿನಲ್ಲೇ, "ಇವ ಕೈಕ್ಕು ಕಣ್ಣಾಡಿ ಆಗಾದು" ಎಂದೆ. ಇವಳ ಕೈಗೆ ಗಾಜು ಆಗಿಬರುವುದಿಲ್ಲ ಎಂದು. ಜನ ನಕ್ಕರು. ನೀನು ಬಗ್ಗಿ ಚೂರುಗಳನ್ನು ದಾವಣಿಯ ಸೆರಗಿಗೆ ಆಯ್ದುಕೊಳ್ಳುತ್ತಿದ್ದೆ.

ಅಂದಿನಿಂದ ನೀನು ಗಾಜಿನ ಕೋಣೆಗೆ ಬರಲಿಲ್ಲ. ಮಣ್ಣಿಗೆ ಹೋದೆ. ಮಣ್ಣು ನಿನಗೆ ಹೆಸರು ತಂದಿತು, ಅದರ ಬಗ್ಗೆ ನನ್ನ ಆಕ್ಷೇಪಣೆಯಿಲ್ಲ. ಆದರೆ ನಿನ್ನ ಮನೆಯಲ್ಲಿ ಒಂದು ಗಾಜಿನ ಲೋಟ ಸಹ ಇಲ್ಲವೆಂಬುದನ್ನು ನಾನು ಬಂದಾಗಲೆಲ್ಲ ಗಮನಿಸಿದ್ದೇನೆ.

ಶುಕ್ರವಾರ.

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ಈಗ ವಿಳಂಬಕ್ಕೆ ಎರಡನೆಯ ಕಾರಣ.

ಹೋದ ಭಾನುವಾರ ಬೆಳಿಗ್ಗೆ ಪ್ರಣಮ್ಯಾ, ನಿನ್ನ ಪ್ರದರ್ಶನಕ್ಕೆ ಏನೇನು ಕಳಿಸಬಹುದೆಂದು ನನ್ನ ಬೀರುವನ್ನು ತಡಕಾಡಿದಳು. ತಳದ ಖಾನೆಯಲ್ಲಿ ಹಳೆಯ ಹಿತ್ತಾಳೆ ಡಬ್ಬಿ. ಅದರಲ್ಲಿ ಹತ್ತಿಯಲ್ಲಿ ಸುತ್ತಿಟ್ಟ ನಾಗಲಿಂಗದ ಮೊಗ್ಗು. ನಾನು ಸಂಧ್ಯಾವಂದನೆಯಲ್ಲಿದ್ದೆ, ತಡೆಯಲಾಗಲಿಲ್ಲ. ಅವಳು ಅದನ್ನು ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಹಿಡಿದು ಚಿತ್ರ ತೆಗೆಯುತ್ತಿದ್ದಳು. ಆಗತಾನೇ ಹೊರಗಿನಿಂದ ಬಂದಿದ್ದಳಾದ್ದರಿಂದ ಬಿಸಿಲಿನ ಕಪ್ಪು ಕನ್ನಡಕ ಇನ್ನೂ ಮೂಗಿನ ಮೇಲೇ ಇತ್ತು. ಇದ್ದಕ್ಕಿದ್ದಂತೆ ಕಿರುಚಿದಳು.

"ತಾತಾ! ಸೀಕ್ರಂ ವಾಂಗೋ! ಅಜ್ಜೀ, ನೀವೂ ಬನ್ನಿ! ಉಳ್ಳೆ ಕಲರ್ಸ್ ಇದೆ!"

ತನ್ನ ಕನ್ನಡಕವನ್ನು ತೆಗೆದು ನನ್ನ ಕಣ್ಣಿಗಿಟ್ಟಳು. ಬಣ್ಣ ಹಾಕದ ಆ ಮೊಗ್ಗಿನೊಳಗೆ ನೇರಳೆ, ಕಿತ್ತಳೆ, ನವಿಲಿನ ಕತ್ತಿನ ನೀಲಿ, ಪಟ್ಟೆ ಪಟ್ಟೆಯಾಗಿ ತೊಟ್ಟಿನ ಕಡೆಗೆ ಬಿಗಿದುಕೊಂಡಿದ್ದವು. ಕನ್ನಡಕ ತೆಗೆದರೆ ಬರಿಯ ಗಾಜು.

"ಅಯ್ಯೋ, ಥೇಟ್ ನಾಗಲಿಂಗದ್ದೇ ಬಣ್ಣ ಕಣ್ರೀ!" ಎಂದಳು ನಿನ್ನ ತಾಯಿ.

"ಎಪ್ಪಡಿ ತಾತಾ ಇಷ್ಟು ಸೀಕ್ರೆಟ್ ಆಗಿ ಕಲರ್ ಹಾಕಿದ್ರಿ? ಇದು ಎಕ್ಸಿಬಿಷನ್‌ನಲ್ಲಿ ಮಧ್ಯದಲ್ಲೇ ಇಡಬೇಕು. ಅಮ್ಮಂಗೆ ಈಗಲೇ ಕಳಿಸ್ತೀನಿ."

"ಕಳಿಸಬೇಡ," ಎಂದೆ. ನನ್ನ ದನಿ ಎತ್ತರವಾಯಿತಂತೆ. ಮಗು ಬೆಚ್ಚಿ ಮೊಗ್ಗನ್ನು ಹತ್ತಿಯೊಳಗಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲನೆ ಬಂದು, "ಅಮ್ಮ ಯಾಕೆ ತಾತಾ ಗಾಜು ಮುಟ್ಟಲ್ಲ?" ಎಂದು ಕೇಳಿದಳು. "ಹೋಟೆಲಲ್ಲಿ ಕೂಡ ಸ್ಟೀಲ್ ಟಂಬ್ಲರ್ ಕೇಳ್ತಾಳೆ. ನನಗೆ ಮಾನ ಹೋಗತ್ತೆ."

ಅವಳಿಗೆ ಕೊಡಬೇಕಾದ ಉತ್ತರವೂ ಐದು ದಿನಗಳಿಂದ ಬಾಕಿಯಿದೆ.

ನಿನ್ನ ಪ್ರಶ್ನೆಗೆ ನನ್ನ ತೀರ್ಮಾನ ಹೀಗಿದೆ. ನನ್ನ ಕೆಲಸಗಳಲ್ಲಿ ನೀನು ಒಪ್ಪುವ ಹನ್ನೆರಡನ್ನು ಪ್ರದರ್ಶನಕ್ಕೆ ಕೊಡಲು ನನ್ನ ಸಂಪೂರ್ಣ ಸಮ್ಮತಿಯಿದೆ. ಸಭಾಂಗಣಕ್ಕೂ ಬರುತ್ತೇನೆ. ಕುರ್ಚಿಯಲ್ಲಿ ಕೂತಿರುತ್ತೇನೆ. ಆದರೆ ಜೋಡಿಸುವವನು ನಾನಲ್ಲ. ಅವುಗಳನ್ನು ಪೆಟ್ಟಿಗೆಯಿಂದೆತ್ತಿ ಇಡತಕ್ಕವಳು ನೀನೇ. ಕಾರಣವನ್ನು ನಮೂದಿಸದೆ ಆದೇಶ ಹೊರಡಿಸಬಾರದೆಂಬುದು ನನಗೆ ಗೊತ್ತು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸುವುದು. ಆವಿಗೆಯ ಮುಂದೆ ನಿಲ್ಲುವಾಗ ಕಣ್ಣಿನ ಬಗ್ಗೆ ಎಚ್ಚರ. ನೀನು ದೀರ್ಘಾಯುಷ್ಮತಿಯಾಗಿ, ಸುಮಂಗಲಿಯಾಗಿ, ಮಣ್ಣಿನ ಧೂಳು ಎದೆಗೆ ಹೋಗದಂತೆ ಬಟ್ಟೆ ಕಟ್ಟಿಕೊಂಡು, ನೂರುಕಾಲ ಬಾಳಬೇಕೆಂದು ಹರಸುವ,

ನಿನ್ನ ತಂದೆ
ತಿರುಮಲೇಶ

ಮರೆತದ್ದು (ಮರೆತದ್ದಲ್ಲ):

ಅಕ್ಕೂ, ಸಹಿ ಮಾಡಿ ಮಡಿಸಿಟ್ಟದ್ದನ್ನು ಮತ್ತೆ ಬಿಡಿಸಿದ್ದೇನೆ. ನಿನ್ನ ಅಜ್ಜ ಹೇಳಿದ ಆ ಕೊನೆಯ ಸಾಲಿನವನು ನಾನೇ. ದಡ್ಡನಲ್ಲ.

ಆ ಸಮಾರಂಭ ಶುಕ್ರವಾರಕ್ಕೆ ಗೊತ್ತಾಗಿತ್ತು. ಮುಖ್ಯ ಅತಿಥಿಗೆ ಅನುಕೂಲವಿಲ್ಲವೆಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಇವತ್ತೇ ಎಂದು ಹೇಳಿ ಕಳಿಸಿದರು. ತೊಟ್ಟನ್ನು ಬೆಸೆದು ಹೂವನ್ನೂ ಮೊಗ್ಗನ್ನೂ ನಾನು ಆಗತಾನೇ ಆರಿಸುವ ಒಲೆಯಲ್ಲಿಟ್ಟಿದ್ದೆ. ಗಾಜು ಒಲೆಯೊಳಗೇ ಒಂದು ಹಗಲು ಒಂದು ರಾತ್ರಿ ನಿಧಾನವಾಗಿ ಆರಬೇಕು. ಆತುರಪಟ್ಟು ಹೊರತೆಗೆದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಒಳಗೆ ಬಿಗಿತ ಉಳಿಯುತ್ತದೆ. ಅದು ಎರಡು ಗಂಟೆಯಲ್ಲೂ ಒಡೆಯಬಹುದು, ನಲವತ್ತು ವರ್ಷವಾದ ಮೇಲೂ ಒಡೆಯಬಹುದು, ಬೆರಳಿನ ಬಿಸಿ ತಾಗಿದರೂ ಸಾಕು. ನಾನು ಎರಡೂವರೆ ಗಂಟೆಗೆ ಬಾಗಿಲು ತೆಗೆದೆ. ನೀನು ಶಾಲೆಯಲ್ಲಿದ್ದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಮುಂದಿನ ದಿನಕ್ಕೆ ಮುಂದೂಡಿ ಎಂದು ನಾನು ಕೇಳಬಹುದಿತ್ತು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿತ್ತು.

ಮಾರನೆಯ ಬೆಳಿಗ್ಗೆ ಕಾಲೇಜಿಗೆ ಹೋಗಿ, ಬಿಗಿತ ಪರೀಕ್ಷಿಸುವ ಎರಡು ಕಪ್ಪು ಫಲಕಗಳ ನಡುವೆ ಮೊಗ್ಗನ್ನು ಹಿಡಿದು ನೋಡಿದೆ. ಸರಿಯಾಗಿ ಆರಿದ ಗಾಜು ಅಲ್ಲಿ ಕಪ್ಪಾಗಿಯೇ ಕಾಣುತ್ತದೆ. ಆರದ ಗಾಜು ಬಣ್ಣ ತೋರಿಸುತ್ತದೆ. ಪ್ರಣಮ್ಯಾ ನೋಡಿ ಕುಣಿದಾಡಿದ್ದು ಅದೇ ಬಣ್ಣ. ಲ್ಯಾಪ್‌ಟಾಪಿನ ಪರದೆಯೂ ಅವಳ ಕಪ್ಪು ಕನ್ನಡಕವೂ ಸೇರಿ ಆ ಎರಡು ಫಲಕಗಳ ಕೆಲಸವನ್ನೇ ಮಾಡಿದ್ದವು. ಮೂವತ್ತು ವರ್ಷದ ಹಿಂದೆ ಅದನ್ನು ನೋಡಿ ನಾನು ಮೊಗ್ಗನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ನೀನು ಜಗಲಿಯಲ್ಲಿ ಕೂತು ನಿನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಹೂವು ಒಡೆದದ್ದು ನಾನು ಬೆಸೆದ ತೊಟ್ಟಿನಲ್ಲಿ. ನೀನು ಬಾಗಿಸಿದ ನಾಲ್ಕು ದಳಗಳಲ್ಲಿ ಎರಡು, ನೆಲಕ್ಕೆ ಬಿದ್ದ ಮೇಲೂ ಮುಕ್ಕಾಗಿರಲಿಲ್ಲ.

ಇದನ್ನೆಲ್ಲ ಇವತ್ತು ನಿನ್ನ ತಾಯಿಗೆ ಓದಿ ಹೇಳಿದೆ. ಅವಳು ಹೂಬತ್ತಿ ಹೊಸೆಯುತ್ತಿದ್ದಳು, ತಲೆಯೆತ್ತಲಿಲ್ಲ. "ವರ್ಷಕ್ಕೊಂದು ಸಲ ನನ್ನ ಬತ್ತಿಯ ಹತ್ತಿ ಕದ್ದು ಆ ಡಬ್ಬಿಗೆ ಹೊಸದಾಗಿ ತುಂಬೋವ್ರು ಯಾರು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದೀರಾ? ಒಡೆದ ಹೂವಿಗೆ ಯಾರೂ ಇಷ್ಟು ಭಯಪಡಲ್ಲ. ನೀವೇ ಬಾಯಿ ಬಿಡಲಿ ಅಂತ ಕಾದೆ. ಕಾದದ್ದು ನಂದೂ ತಪ್ಪೇ. ಅದನ್ನೂ ಬರೀರಿ" ಎಂದಳು. ಬರೆದಿದ್ದೇನೆ.

ಅರ್ಜಿಯ ಕೊನೆಯಲ್ಲಿ ಪ್ರಾರ್ಥನೆ ಇರಬೇಕು. ಕ್ಷಮಿಸು ಎಂದು ಕೇಳುವ ಹಕ್ಕು ನನಗಿಲ್ಲ, ಕೇಳುತ್ತಿಲ್ಲ. ನಾಳೆ ಪ್ರಣಮ್ಯಾ ಬಸ್ಸಿನಲ್ಲಿ ಬಂದು ಈ ಕಾಗದವನ್ನೂ ಹಿತ್ತಾಳೆ ಡಬ್ಬಿಯನ್ನೂ ನಿನಗೆ ಒಪ್ಪಿಸುತ್ತಾಳೆ. ಮೊಗ್ಗು ಇನ್ನೂ ಒಡೆದಿಲ್ಲ. ಒಳಗಿನ ಬಿಗಿತವನ್ನು ತೆಗೆಯಲು ಒಂದೇ ದಾರಿ, ಮತ್ತೆ ಕಾಯಿಸಿ ಮತ್ತೆ ಆರಿಸುವುದು. ನನ್ನ ಬಳಿ ಈಗ ಒಲೆಯಿಲ್ಲ, ನಿನ್ನ ಬಳಿ ಆವಿಗೆಯಿದೆ. ಬಹಳ ನಿಧಾನವಾಗಿ ಐನೂರ ಅರವತ್ತು ಡಿಗ್ರಿಗೆ ಏರಿಸು, ಒಂದು ಗಂಟೆ ಅಲ್ಲೇ ನಿಲ್ಲಿಸು, ಆಮೇಲೆ ಒಂದು ಹಗಲು ಒಂದು ರಾತ್ರಿ ಬಾಗಿಲು ತೆಗೆಯಬೇಡ. ಯಾರು ಆತುರಪಡಿಸಿದರೂ ತೆಗೆಯಬೇಡ. ಉಳಿದರೆ ಅದರ ಬಣ್ಣವೆಲ್ಲ ಹೋಗಿರುತ್ತದೆ, ಪ್ರಣಮ್ಯಾ ಬೇಸರಪಡುತ್ತಾಳೆ, ಪಡಲಿ. ಮಧ್ಯದ ಮೇಜಿನ ಮೇಲೆ ನಿನ್ನ ಹೆಸರನ್ನು ಮೊದಲು ಬರೆದು ಇಡು.

ಕಾಯುವಾಗ ಅದು ಒಡೆಯಲೂಬಹುದು. ಡಬ್ಬಿಯಿಂದ ಎತ್ತುವಾಗಲೇ ಒಡೆಯಬಹುದು. ಆದರೂ ಇಕ್ಕಳದಲ್ಲಿ ಹಿಡಿಯಬೇಡ, ಬಟ್ಟೆ ಸುತ್ತಿಕೊಳ್ಳಬೇಡ. ಬರಿಗೈಯಲ್ಲಿ ಎತ್ತು, ಮಗಳೇ. ಒಡೆದರೆ, ಅದು ಆ ಗುರುವಾರ ಮಧ್ಯಾಹ್ನ ಎರಡೂವರೆಗೆ ನನ್ನ ಕೈಯಲ್ಲಿ ಒಡೆದದ್ದು.